ಚೈನ್ ಎಳೆಯುವವರು ಯಾರು?

ಅಧ್ಯಕ್ಷರೇ, ವೇದಿಕೆ ಮೇಲಿರುವ ಹಿರಿಯರೇ, ಎಂಜಿನಿಯರ್ ಗೆಳೆಯರೇ,

ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ ಬಂತು ಅಂದರೆ ಆ ರೈಲಿನ ಕಥೆ ಹೇಳದೆ ಬಿಡುವ ಹಾಗಿಲ್ಲ. ರಾತ್ರಿ ಹೊತ್ತು. ಬೋಗಿ ತುಂಬ ಇಂಗ್ಲಿಷರು. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ವಿಶ್ವೇಶ್ವರಯ್ಯನವರು ಇದ್ದಕ್ಕಿದ್ದಂತೆ ಎದ್ದು ಚೈನ್ ಎಳೆದರು. ಎಲ್ಲರೂ ಬೈದರು. ಗಾರ್ಡ್ ಓಡಿ ಬಂದ. "ಮುಂದೆ ಹಳಿ ಬಿಟ್ಟುಕೊಂಡಿದೆ, ಹೋಗಿ ನೋಡಿ" ಅಂದರು. ಲಾಟೀನು ಹಿಡಿದು ಹೋದರೆ ಹೌದು! ಸದ್ದು ಬದಲಾಗಿದ್ದರಿಂದ ಗೊತ್ತಾಯಿತಂತೆ. ನಡೆದದ್ದೋ, ಕಟ್ಟಿದ್ದೋ, ವರ್ಷ ವರ್ಷ ಆ ರೈಲಿನ ವೇಗ ಮಾತ್ರ ಜಾಸ್ತಿಯಾಗುತ್ತಿದೆ.

ಎಲ್ಲರೂ ಅವರ ಕಿವಿಯನ್ನು ಹೊಗಳುತ್ತಾರೆ. ನಾನು ಆ ಚೈನ್ ಬಗ್ಗೆ ಮಾತಾಡಲು ಬಂದಿದ್ದೇನೆ: ಸೇತುವೆಯ ಅಪಾಯವನ್ನು ಎಐ ಹಿಡಿದರೂ ಗಾಡಿ ನಿಲ್ಲಿಸುವವರು ಯಾರು?

ಕಿವಿಯನ್ನು ಈಗ ಯಂತ್ರಕ್ಕೂ ಕೊಡಬಹುದು. ಜಪಾನಿನ ಸಸಾಗೊ ಸುರಂಗದಲ್ಲಿ 2012ರ ಡಿಸೆಂಬರ್ 2ರಂದು ಚಾವಣಿಯ ಕಾಂಕ್ರೀಟ್ ಹಲಗೆಗಳು ಕಳಚಿಬಿದ್ದು 9 ಜನ ಸತ್ತರು. ಆಮೇಲೆ ಅಲ್ಲಿ ಸೇತುವೆ, ಸುರಂಗಗಳನ್ನು 5 ವರ್ಷಕ್ಕೊಮ್ಮೆ ಹತ್ತಿರ ಹೋಗಿ ನೋಡಲೇಬೇಕು ಅಂತ ನಿಯಮ ಬಂತು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟಿದ್ದರೆ ಡಬ್. ಈ ಸದ್ದನ್ನು ಎಐಗೆ ಕಲಿಸುವ ಕೆಲಸ ನಡೆದಿದೆ. ಡ್ರೋನ್ ಸೇತುವೆ ಹೊರುವ ತೊಲೆಯ, ಅಂದರೆ ಗರ್ಡರಿನ, ಅಡಿಗೆ ಹೋಗಿ ಫೋಟೋ ತೆಗೆದರೆ ಯಂತ್ರ ಬಿರುಕು ಹುಡುಕುತ್ತದೆ. ನಮ್ಮ ಕಂಬಗಳ ಮೇಲಿನ ಎಲೆ ಅಡಿಕೆ ಕಲೆಯನ್ನು ತುಕ್ಕು ಅಂದರೆ ಅದನ್ನು ಬೈಯಬೇಡಿ.

ಫೋಟೋ ಒಂದೇ ಸಾಲದು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಲಾರಿ ಸಮೇತ ಬಿದ್ದ ಚಾಲಕನನ್ನು ಎತ್ತಿ ಉಳಿಸಿದರು. ಉಪ್ಪು ನೀರಿನ ಮೇಲಿನ ಕಾಂಕ್ರೀಟ್ ಸೇತುವೆಗಳಲ್ಲಿ ಉಪ್ಪಿನ ಕ್ಲೋರೈಡ್ ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹತ್ತಿಸಬಹುದು. ತುಕ್ಕು ಉಬ್ಬಿ ಕಾಂಕ್ರೀಟು ಸೀಳಿ ಕ್ಯಾಮೆರಾಗೆ ಕಾಣುವ ಹೊತ್ತಿಗೆ ಒಳಗೆ ತುಕ್ಕು ಆಗಲೇ ಶುರುವಾಗಿರುತ್ತದೆ.

ಇನ್ನು ಕ್ಯೂಬ್ ಟೆಸ್ಟ್, ಅಂದರೆ ಕಾಂಕ್ರೀಟಿನ ಘನಾಕಾರದ ತುಂಡನ್ನು ಲ್ಯಾಬಿನಲ್ಲಿ ಒತ್ತಿ ಒಡೆದು ಬಲ ಅಳೆಯುವುದು. ನಗಬೇಡಿ, ನಿಮಗೆಲ್ಲ ಗೊತ್ತು! ಲ್ಯಾಬಿಗೆ ಹೋಗುವ ಕ್ಯೂಬಿಗೆ ಮಾತ್ರ ಒಂದು ಹಿಡಿ ಸಿಮೆಂಟ್ ಜಾಸ್ತಿ. ಮೂರು ಕ್ಯೂಬುಗಳ ಬಲ ಸರಾಸರಿಗಿಂತ ಶೇ 15ರವರೆಗೆ ಆಚೀಚೆ ಇರಬಹುದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಒಪ್ಪುತ್ತದೆ. ನಮ್ಮ ರಿಜಿಸ್ಟರುಗಳಲ್ಲಿ ಮೂರೂ ಅವಳಿ ಮಕ್ಕಳ ಹಾಗಿರುತ್ತವೆ. ಇಂಥ ಅತಿ ನೀಟಾದ ಅಂಕಿಗಳನ್ನು ಹಿಡಿಯಲು ಎಐಗೆ ಡ್ರೋನೂ ಬೇಡ, ಸುತ್ತಿಗೆಯೂ ಬೇಡ.

ಚೀಟಿ ಬಂತು. ಐದೇ ನಿಮಿಷವಂತೆ.

ಮತ್ತೆ ಚೈನಿಗೆ ಬರುತ್ತೇನೆ. ಇಟಲಿಯ ಜಿನೋವಾದಲ್ಲಿ 2018ರಲ್ಲಿ ಮೊರಾಂಡಿ ಸೇತುವೆ ಬಿದ್ದು 43 ಜನ ಸತ್ತರು. ಅದರ ಕೇಬಲ್‌ಗಳ ಬಗ್ಗೆ ಎಚ್ಚರಿಕೆ ಮೊದಲೇ ಬಂದಿತ್ತು. ಕಿವಿ ಇತ್ತು ಅಲ್ವಾ? ಗಾಡಿ ನಿಲ್ಲಲಿಲ್ಲ. ನಮ್ಮಲ್ಲೂ ಸೇತುವೆ ಮುಚ್ಚಲು ಹತ್ತು ಸಹಿ ಬೇಕು, ತೆರೆದಿಡಲು ಒಂದೂ ಬೇಡ. ಇದನ್ನು ತಿರುಗಿಸಿ. ಯಂತ್ರ ಕೆಂಪು ತೋರಿಸಿದರೆ ಭಾರಿ ವಾಹನ ತಾನಾಗಿ ಬಂದ್. ಮತ್ತೆ ಬಿಡಬೇಕಾದರೆ ಒಬ್ಬ ಎಂಜಿನಿಯರ್ ಅಲ್ಲಿಗೆ ಹೋಗಿ, ತಟ್ಟಿ ನೋಡಿ, ತನ್ನ ಹೆಸರು ಬರೆದು ಸಹಿ ಹಾಕಬೇಕು.

ಡ್ರೋನ್ ಪರವಾನಗಿ, ಟೆಂಡರ್ ಷರತ್ತು ಎಲ್ಲ ಊಟ ಆದ ಮೇಲೆ ಮಾತಾಡೋಣ. ಹಳೆಯ ಕ್ಯೂಬ್ ರಿಜಿಸ್ಟರ್ ಕೊಡುವ ಧೈರ್ಯ ಇರುವವರು ಊಟದ ಸಾಲಿನಲ್ಲಿ ನನ್ನ ಹಿಂದೆ ನಿಲ್ಲಿ. ಹೆಸರು ಕೇಳುವುದಿಲ್ಲ.