ಭುಜದವರೆಗಿನ ಗ್ಲೌಸ್ ಯಾಕೆ?

ಶಿರಸಿಯ ಪಶು ಕ್ಲಿನಿಕ್‌ನಲ್ಲಿ ಸಹಾಯಕ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ನಾಯಿ ಕಚ್ಚಲ್ವಾ?" ಕಚ್ಚುತ್ತದೆ. ಅದಕ್ಕೇ ನಾವು ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರುತ್ತೇವೆ. ಆಮೇಲೂ ಕಚ್ಚಿದರೆ ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಮತ್ತೆ ಲಸಿಕೆಗೆ ಓಡಬೇಕು. ಕಚ್ಚಿದ್ದು ಕಣ್ಣಿಗೆ ಕಾಣುತ್ತದೆ, ಅಲ್ವಾ?

ನನಗೆ ಜಾಸ್ತಿ ಹೆದರಿಕೆ ಈ ಕೊಟ್ಟಿಗೆಯದ್ದು. ನೋಡಿ, ಹಸು ಕರು ಹಾಕಿದೆ, ಕಸ (ಮಾಸು) ಬಿದ್ದಿಲ್ಲ. ಡಾಕ್ಟರ್ ಭುಜದವರೆಗೆ ಗ್ಲೌಸ್ ಹಾಕಿ ಕೈ ಒಳಗೆ ಬಿಟ್ಟಿದ್ದಾರೆ. ಸಾಮಾನ್ಯವಾಗಿ ಪಕ್ಕದಲ್ಲೇ ಮನೆಯವರು ಬರಿಗೈಯಲ್ಲಿ ಬಾಲ ಹಿಡಿದು, ಬಿದ್ದ ಚೂರುಗಳನ್ನು ಎತ್ತಿ ಬದಿಗೆ ಹಾಕುತ್ತಿರುತ್ತಾರೆ. ಹಸುವಿಗೆ ಬ್ರುಸೆಲ್ಲೋಸಿಸ್ ಅನ್ನುವ, ದನದಿಂದ ನಮಗೂ ಹರಡುವ ಕಾಯಿಲೆ ಇದ್ದರೆ ಆ ಕಸದ ತುಂಬಾ ರೋಗಾಣು. ಕೈಯಲ್ಲೊಂದು ಗೀರು ಸಾಕು, ಕಣ್ಣಿಗೆ ಸಿಡಿದರೂ ಸಾಕು. ವಾರಗಳು ಕಳೆದ ಮೇಲೆ ಬಂದು ಹೋಗುವ ಜ್ವರ, ಬೆವರು, ಕೀಲು ನೋವು. ಅಷ್ಟು ಹೊತ್ತಿಗೆ ಆ ಹಸು ಯಾರಿಗೆ ನೆನಪಿರುತ್ತದೆ? ಆಸ್ಪತ್ರೆಯಲ್ಲಿ ನಾವೇ ಹೇಳದಿದ್ದರೆ ಅವರಿಗೂ ಹೊಳೆಯುವುದು ಕಷ್ಟ.

ತಮಾಷೆ ಅಂದರೆ, ಈ ರೋಗದ ಲಸಿಕೆಯೂ ನಮಗೆ ಅಪಾಯವೇ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕೊಡುವ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಕರು ಕೊಸರಿಕೊಂಡು ಸೂಜಿ ನಮಗೇ ಚುಚ್ಚಿದರೆ ಕಾಯಿಲೆ ಬರಬಹುದು. ಹಾಗಾಗಿ ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಮಾತೇ ಇಲ್ಲ, ನೇರ ಆ ಗಟ್ಟಿ ಬಿಳಿ ಡಬ್ಬಿಗೆ.

ಹಸು ಬೆದೆಗೆ ಬರಲು ಕೊಡುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ಹಾರ್ಮೋನ್ ಇಂಜೆಕ್ಷನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗರ್ಭಿಣಿಯರು, ಅಸ್ತಮಾ ಇದ್ದವರು ಆ ಬಾಟಲಿಯಿಂದ ದೂರ ಇರುವುದೇ ಒಳ್ಳೆಯದು. "ಒಂದು ಹನಿ ತಾನೇ" ಅನ್ನುವವರಿಗೆ ನಾನು ಬಾಟಲಿ ಕೊಡುವುದಿಲ್ಲ.

ಇನ್ನು ಉಣುಗು. ಬೆಟ್ಟಕ್ಕೆ ಮೇಯಲು ಹೋದ ದನ ಹೊತ್ತು ತರುತ್ತದೆ, ಹಾಸುವ ಸೊಪ್ಪಿನ ಜೊತೆಗೂ ಬರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ, ಆದರೆ ಪಕ್ಕದ ಸಿದ್ದಾಪುರದಲ್ಲೂ ಅದು ಕಾಡಿದೆ. ಆದರೂ ಉಣುಗು ಕಿತ್ತು ಉಗುರಿನಲ್ಲಿ ಚಿವುಟುವ ಅಭ್ಯಾಸ ನಮ್ಮ ಕಡೆ ಹೋಗಿಲ್ಲ. ಚಿಮಟದಲ್ಲಿ ಕಿತ್ತು ಸ್ಪಿರಿಟ್ ಬಾಟಲಿಗೆ ಹಾಕಿ.

ಮುಂದೆ ಮಲೆನಾಡು ಗಿಡ್ಡ ತಳಿಯ ಹಸುವಿನ ಸರದಿ. ಆಳು ಚಿಕ್ಕದು, ಸಿಟ್ಟು ದೊಡ್ಡದು. ಹಸುವಿನ ಒದೆ ಪಕ್ಕಕ್ಕೂ ಬೀಸುತ್ತದೆ, ಹಿಂದೆ ನಿಲ್ಲದಿದ್ದರೆ ಆಯಿತು ಅಂದುಕೊಳ್ಳಬೇಡಿ. ಕ್ಯಾಮೆರಾ ಕಿಟಕಿ ಮೇಲಿಟ್ಟು ಬರುತ್ತೇನೆ.