ರೂಪಾಯಿಯನ್ನಲ್ಲ, ಲೀಟರನ್ನು ಬರೆಯಿರಿ

ಮಾನ್ಯ ಕೇಳುಗರಿಗೆ ನಮಸ್ಕಾರ. ಈ ಭಾಷಣವನ್ನು ನಾನು ಕಾರ್ಖಾನೆಗಳ ಸ್ಟೋರ್ ಕೀಪರುಗಳನ್ನೂ ಅಕೌಂಟ್ಸ್ ವಿಭಾಗದ ಗುಮಾಸ್ತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ್ದೇನೆ. ಮಾಲೀಕರು ಕೇಳುತ್ತಿದ್ದರೆ ಸಂತೋಷ. ಆದರೆ ಇಂಗಾಲದ ಲೆಕ್ಕ, ಅಂದರೆ ಕಾರ್ಖಾನೆಯ ಕೆಲಸದಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂಬ ಲೆಕ್ಕ, ಸರಿಹೋಗುವುದೂ ಕೆಡುವುದೂ ನಿಮ್ಮ ಮೇಜಿನ ಮೇಲೆಯೇ ಎಂಬುದು, ಹಲವು ವರ್ಷಗಳಿಂದ ಇಂಧನ ಲೆಕ್ಕ ಪರಿಶೀಲನೆಗೆಂದು ಕಾರ್ಖಾನೆಗಳಿಗೆ ಹೋಗುತ್ತಿರುವ ನಾನು ಕಂಡುಕೊಂಡ ಸಂಗತಿ.

ಈ ಲೆಕ್ಕ ಈಗೇಕೆ ಬೇಕಾಯಿತು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಷೇರುಪೇಟೆಯಲ್ಲಿ ನೋಂದಾಯಿತವಾಗಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ಪರಿಸರದ ವಿವರಗಳನ್ನೂ ಒಳಗೊಂಡ ಹೊಣೆಗಾರಿಕೆಯ ವರದಿಯನ್ನು 2022-23ರಿಂದ ಕಡ್ಡಾಯವಾಗಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ವಿಧಿಸಿದೆ. ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮೊದಲಾದ ಸರಕುಗಳ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರಿನಿಂದ ಕೇಳುತ್ತಿದೆ. ಉಕ್ಕಿನ ಬೋಲ್ಟು ನಟ್ಟುಗಳೂ ಆ ಪಟ್ಟಿಯಲ್ಲಿವೆ. ಹೀಗಾಗಿ ಇಂಥವರಿಗೆ ಸರಕು ಕೊಡುವ ಪೀಣ್ಯದ ಸಣ್ಣ ಘಟಕಕ್ಕೂ ಇಂಗಾಲದ ಲೆಕ್ಕ ಕೇಳಿ ಗಿರಾಕಿಯಿಂದ ಪತ್ರ ಬರುತ್ತದೆ. ಪತ್ರ ಬಂದೊಡನೆ ಎಲ್ಲರೂ ನನ್ನನ್ನು ಕೇಳುವುದು ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂದು. ದಯವಿಟ್ಟು ಆ ಮಾತನ್ನು ಆರು ತಿಂಗಳು ಮುಂದೂಡಿ. ಮೊದಲು ಉರಿಸಿದ ಇಂಧನವನ್ನು ಅದರದೇ ಅಳತೆಯಲ್ಲಿ, ಅದೇ ದಿನ, ಅದು ಉರಿದ ಜಾಗದಲ್ಲೇ ಬರೆದಿಡಿ. ರೂಪಾಯಿಯನ್ನಲ್ಲ, ಲೀಟರನ್ನು ಬರೆಯಿರಿ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿನ ಬೆಲೆ ಅರವತ್ತಿದ್ದಾಗಲೂ ಅಷ್ಟೇ, ತೊಂಬತ್ತಾದಾಗಲೂ ಅಷ್ಟೇ.

ಬೋಲ್ಟು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅಲ್ಲಿಯ ಅಕೌಂಟೆಂಟರು ಕಂಪ್ಯೂಟರಿನಲ್ಲಿ ಡೀಸೆಲ್ ಖಾತೆಯನ್ನು ತೆರೆದು, ವರ್ಷದ ಒಟ್ಟು ಖರ್ಚನ್ನು ಸರಾಸರಿ ಬೆಲೆಯಿಂದ ಭಾಗಿಸಿ, ಜನರೇಟರಿಗೆ 14,000 ಲೀಟರ್ ಎಂದು ಕೊಟ್ಟರು. ನಾನೂ ಅದನ್ನೇ ಬರೆದುಕೊಂಡೆ. ಊಟದ ಹೊತ್ತಿನಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, “ಸಾರ್, ಡೀಸೆಲ್ ಲೆಕ್ಕ ನನ್ನ ಹತ್ತಿರ ಬೇರೆ ಇದೆ” ಎಂದರು. ಅವರು ಕೈಗಿತ್ತದ್ದು ಒಂದು ಉದ್ದನೆಯ ನೋಟುಪುಸ್ತಕ. ರಟ್ಟು ಎಣ್ಣೆ ಹೀರಿ ಕಪ್ಪಾಗಿತ್ತು, ಬೆನ್ನಿಗೆ ಇನ್ಸುಲೇಷನ್ ಟೇಪು ಸುತ್ತಿತ್ತು. ಒಳಗೆ ಸ್ಕೇಲಿಟ್ಟು ಎಳೆದ ಗೆರೆಗಳು. ತಾರೀಖು, ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಜನರೇಟರಿನ ಗಂಟೆ ಮೀಟರಿನ ಅಂಕಿ, ಸುರಿದ ಕ್ಯಾನುಗಳ ಸಂಖ್ಯೆ, ಕೊನೆಯಲ್ಲಿ ಒಂದು ಪುಟ್ಟ ಸಹಿ. ಇಡೀ ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಕರೆಂಟ್ ಹೋಗದ ದಿನದ ಎದುರಿಗೂ “ಓಡಿಲ್ಲ” ಎಂದು ಬರೆದಿದ್ದರು.

ಕುಳಿತು ಕೂಡಿದೆವು. ಇಪ್ಪತ್ತು ಲೀಟರಿನ ಕ್ಯಾನುಗಳು 480 ಆದವು, ಅಂದರೆ 9,600 ಲೀಟರ್. ಗಂಟೆ ಮೀಟರಿನ ಲೆಕ್ಕದಲ್ಲಿ ಜನರೇಟರ್ ಓಡಿದ್ದು 480 ಗಂಟೆಗಿಂತ ಸ್ವಲ್ಪ ಹೆಚ್ಚು. ಗಂಟೆಗೆ ಸುಮಾರು ಒಂದು ಕ್ಯಾನ್. ಅಲ್ಲಿದ್ದಂಥ 125 ಕೆವಿಎ ಸಾಮರ್ಥ್ಯದ ಜನರೇಟರ್ ಕುಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಅಂಕಿಗಳು ಒಂದಕ್ಕೊಂದು ಸಾಕ್ಷಿ ಹೇಳಿದ ಆ ಕ್ಷಣದಲ್ಲಿ ನನಗಾದ ಆನಂದವನ್ನು ಇಂದಿಗೂ ಮರೆತಿಲ್ಲ. ಉಳಿದ 4,400 ಲೀಟರ್ ಎಲ್ಲಿಂದ ಬಂತೆಂದು ಖಾತೆಯನ್ನು ಬಿಡಿಸಿ ನೋಡಿದರೆ, ಬಾಡಿಗೆ ಲಾರಿಯ ಚಾಲಕರಿಗೆ ಕೊಟ್ಟ ಡೀಸೆಲ್ ಹಣ, ಇಂಜಿನ್ ಆಯಿಲ್, ಫಿಲ್ಟರ್, ಸರ್ವಿಸ್ ಚಾರ್ಜು ಎಲ್ಲವೂ “ಡೀಸೆಲ್” ಎಂಬ ಒಂದೇ ತಲೆಬರಹದಡಿ ಕುಳಿತಿದ್ದವು. ಜನರೇಟರ್ ಬಿಡದ ಸುಮಾರು 12 ಟನ್ ಇಂಗಾಲದ ಡೈಆಕ್ಸೈಡನ್ನು ಅದರ ತಲೆಗೆ ಕಟ್ಟಲು ಹೊರಟಿದ್ದೆವು. ಅಕೌಂಟೆಂಟರದು ತಪ್ಪಲ್ಲ, ಅವರ ಖಾತೆ ಇರುವುದು ಹಣದ ಲೆಕ್ಕಕ್ಕೆ. ಇಂಗಾಲದ ಲೆಕ್ಕ ಆ ಎಣ್ಣೆ ಹತ್ತಿದ ಪುಸ್ತಕದಲ್ಲಿತ್ತು, ಏಕೆಂದರೆ ಅದರಲ್ಲಿ ರೂಪಾಯಿ ಇರಲಿಲ್ಲ, ಕ್ಯಾನ್ ಇತ್ತು.

ಇಂಗಾಲ ಎಲ್ಲಿಂದ ಬಂತೆಂಬುದನ್ನು ನೋಡಿ ಲೆಕ್ಕವನ್ನು ಸ್ಕೋಪ್ ಒಂದು, ಎರಡು, ಮೂರು ಎಂದು ಮಾಡುವ ವಿಂಗಡಣೆಗೂ ಈ ಕಥೆಯೇ ಸಾಕು. ನಿಮ್ಮ ಆವರಣದಲ್ಲಿ ನೀವೇ ಉರಿಸಿದ ಜನರೇಟರ್ ಡೀಸೆಲ್ ಒಂದನೆಯದು. ಹೊರಗಿನಿಂದ ಕೊಂಡ ವಿದ್ಯುತ್ತು ಎರಡನೆಯದು. ಬೇರೆಯವರ ಲಾರಿ, ನೀವು ಕೊಂಡ ಉಕ್ಕಿನ ತಂತಿ ಮೂರನೆಯದು. ಬೋಲ್ಟಿನ ಇಂಗಾಲದಲ್ಲಿ ದೊಡ್ಡ ಪಾಲು ಆ ಉಕ್ಕಿನದೇ ಆದ್ದರಿಂದ ತಂತಿ ಕೊಟ್ಟ ಗಿರಣಿಯಿಂದ ಟನ್ ಉಕ್ಕಿಗೆ ಎಷ್ಟು ಇಂಗಾಲವೆಂಬ ಪತ್ರವನ್ನು ಕೇಳಿ ಪಡೆಯಿರಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ವಿದ್ಯುತ್ತಿನ ವಿಷಯವನ್ನು ಬೇಗ ಹೇಳುತ್ತೇನೆ. ಬಿಲ್ಲಿನ ಮೊತ್ತದಲ್ಲಿ ಬೇಡಿಕೆ ಶುಲ್ಕ, ತೆರಿಗೆ ಎಲ್ಲವೂ ಸೇರಿರುತ್ತವೆ. ನಿಮಗೆ ಬೇಕಾದದ್ದು ಯೂನಿಟ್ ಮಾತ್ರ. ನಮ್ಮ ದೇಶದ ಜಾಲದ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಿರಿ. ನಿಖರ ಅಂಕಿಯನ್ನು ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಪ್ರತಿ ತಿಂಗಳಿಗೂ ಒಂದು ಸಾಲು, ಆ ಸಾಲಿನಲ್ಲೇ ಬಿಲ್ಲಿನ ಸಂಖ್ಯೆ ಮತ್ತು ರೀಡಿಂಗ್ ತೆಗೆದ ತಾರೀಖು ಇರಲಿ. ನಮ್ಮ ವರ್ಷ ಏಪ್ರಿಲ್‌ಗೆ ಶುರುವಾದರೆ ಹೊರದೇಶದ ಗಿರಾಕಿ ಜನವರಿಯಿಂದ ಕೇಳುತ್ತಾರೆ. ತಿಂಗಳ ಸಾಲುಗಳಿದ್ದರೆ ಎರಡನ್ನೂ ಕೊಡಬಹುದು.

ಇನ್ನು ಎಸಿಗೆ ತುಂಬಿಸುವ ಗ್ಯಾಸು. ಇದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಆರ್-410ಎ ಎಂಬ ಗ್ಯಾಸು ಒಂದು ಕಿಲೋ ಸೋರಿದರೆ ಅದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಚೀಟಿಯಲ್ಲಿ ಹಣವನ್ನು ಮಾತ್ರ ಬರೆದಿದ್ದರೆ, ಅವರು ಗೇಟು ದಾಟುವ ಮೊದಲೇ ಯಾವ ಗ್ಯಾಸು, ಎಷ್ಟು ಕಿಲೋ ಎಂಬುದನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಸ್ಕಾರ.