ಆರ್‌ವಿ ಟೈರ್‌ಗೆ ಯಾವ ಏರ್ ಕಂಪ್ರೆಸರ್? ಮೊದಲು ಒಳಗಿನ ಟೈರ್ ನೋಡಿ

ನಮಸ್ಕಾರ, ನಮ್ಮ ಆರ್‌ವಿ, ಅಂದರೆ ಮನೆಯಂಥ ಗಾಡಿಯಲ್ಲಿ, ಅಮೆರಿಕದ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿದ್ದೇವೆ. ಇನ್ನೂ ಬಿಸಿಲು ಬಿದ್ದಿಲ್ಲ. ಬಾಯಿ ತೆರೆದರೆ ಹೊಗೆ ಬರುತ್ತಿದೆ ನೋಡಿ. ನಿನ್ನೆ ಮಧ್ಯಾಹ್ನ ಫೀನಿಕ್ಸ್‌ನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆವು!

ಟೈರ್ ಗಾಳಿ ನೋಡುವುದಕ್ಕೆ ಇದೇ ಸರಿಯಾದ ಹೊತ್ತು. ಓಡಿ ಬಂದ ಟೈರ್ ಬಿಸಿಯಾಗಿ ಗೇಜ್ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಇಳಿಸಿದರೆ ಅಪಾಯ. ಇನ್ನು 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರ್‌ನಲ್ಲಿ, ಹೊರಗಿನ ಬಿಸಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒಳಗೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಪೆಟ್ರೋಲ್ ಬಂಕ್ ಇದೆಯಲ್ಲಾ ಅನ್ನಬಹುದು. ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿರುತ್ತದೆ. ಕಾರಿಗೆ ಅಂತ ಇಟ್ಟ ಮಷಿನ್ ಎಷ್ಟೋ ಕಡೆ 80ರವರೆಗೆ ಹೋಗುವುದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಹಾಕಿಸಿದವರಿಗೆ ಗಾಳಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ. ಪುಕ್ಕಟೆ ಆದರೂ ಈ 28 ಅಡಿ ಗಾಡಿಯನ್ನು ಅಲ್ಲಿ ತಿರುಗಿಸುವುದು ಹೇಗೆ ಹೇಳಿ?

ಹಾಂ, ಇದೇ ನಮ್ಮ ಕಂಪ್ರೆಸರ್. ಬಾನೆಟ್ ಎತ್ತಿ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವುದು ಬೇಡವೇ ಬೇಡ. ಆ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 15 ಅಥವಾ 20 ಆಂಪ್. ಇಷ್ಟು ದೊಡ್ಡ ಮೋಟರ್ 30 ಆಂಪ್‌ವರೆಗೂ ಎಳೆಯುತ್ತದೆ. ಎಂಜಿನ್ ಆನ್ ಇರಲಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ.

ಡಬ್ಬದ ಮೇಲೆ 150 ಪಿಎಸ್‌ಐ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನೋಡಿ ಕೊಳ್ಳಬೇಡಿ. ಡ್ಯೂಟಿ ಸೈಕಲ್ ಎಷ್ಟು ಅಂತ ಹುಡುಕಿ. ಶೇಕಡ 33 ಅಂದರೆ 10 ನಿಮಿಷ ಓಡಿದರೆ 20 ನಿಮಿಷ ಸುಮ್ನೆ ಬಿಡಬೇಕು. ನಮಗೆ ಆರು ಟೈರ್ ಇವೆ. ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಅನ್ನುವ ಅಂಕಿಯೂ ಅಷ್ಟೇ, ಎಷ್ಟೋ ಸಲ 0 ಪಿಎಸ್‌ಐನಲ್ಲಿ ಅಳೆದದ್ದನ್ನೇ ಹಾಕಿರುತ್ತಾರೆ. 80ರ ಹತ್ತಿರ ಅದು ಎಷ್ಟೋ ಕಡಿಮೆ.

ಈಗ ಹಿಂದಿನ ಚಕ್ರಕ್ಕೆ ಬನ್ನಿ. ನನಗೆ ಸಿಟ್ಟು ಬರುವುದು ಇಲ್ಲೇ. ಹಿಂದೆ ಒಂದೊಂದು ಕಡೆ ಎರಡೆರಡು ಟೈರ್. ಒಳಗಿನದರ ವಾಲ್ವ್ ಹೊರಗಿನ ರಿಮ್‌ನ ಕಿಂಡಿಯೊಳಗೆ ಅಡಗಿ ಕೂತಿದೆ. ತಿರುಗಿಸಿ ಹಾಕುವ ಚಕ್ (ವಾಲ್ವ್‌ಗೆ ಕೂರಿಸುವ ಪೈಪಿನ ಮೂತಿ) ಅಲ್ಲಿಗೆ ಹೋಗುವುದೇ ಇಲ್ಲ, ಬೆರಳು ಹಿಡಿಸಲ್ಲ. ಗಾಡಿ ಮಾರಿದವರು ಅದಕ್ಕೆ ಒಂದು ರಬ್ಬರ್ ಎಕ್ಸ್‌ಟೆನ್ಷನ್ ಹಾಕಿ ಕೊಟ್ಟಿದ್ದರು. ಸೋಪಿನ ನೀರು ಚಿಮುಕಿಸಿದೆ. ನೋಡಿ, ಜಾಯಿಂಟ್ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. 75 ಇರಬೇಕಾದ ಕಡೆ 62! ಹೊರಗಿನದು ಸರಿಯಾಗಿ 75 ಇದೆ. ಹಾಗಾಗಿ ಗಾಡಿ ಒಂದು ಚೂರೂ ವಾಲಿಲ್ಲ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಳಗಿನದು ಹೊರಬೇಕಾದ ಭಾರದಲ್ಲಿ ಒಂದಷ್ಟನ್ನು ಹೊರಗಿನ ಟೈರೇ ಹೊತ್ತಿದೆ. ಬಿಸಿಲಲ್ಲಿ, ಹೈವೇಯಲ್ಲಿ, ಒಳಗೆ ಅಮ್ಮ ಮಲಗಿದ್ದಾಗ! ಇನ್ನೂ ಇಳಿದು 60ರ ಕೆಳಗೆ ಹೋಗಿದ್ದರೆ ನಾನು ಗಾಳಿ ಹಾಕುತ್ತಲೇ ಇರಲಿಲ್ಲ. ಇರಬೇಕಾದ್ದಕ್ಕಿಂತ ಶೇಕಡ 20 ಕಡಿಮೆಯಲ್ಲಿ ಓಡಿದ ಟೈರ್‌ನ ಒಳಗೆ ಪೆಟ್ಟಾಗಿರಬಹುದು. ಅಂಗಡಿಯಲ್ಲಿ ಬಿಚ್ಚಿಸಿ ನೋಡಬೇಕು.

ನಮ್ಮ ದಾವಣಗೆರೆ ಕಡೆ ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ರಾಡ್ ಹಿಡಿದು ಇಳಿಯುತ್ತಾನೆ. ಟೈರ್‌ಗೆ ಒಂದೊಂದು ಏಟು, ಸದ್ದಿನಲ್ಲೇ ಪಂಕ್ಚರ್ ಆದದ್ದು ಗೊತ್ತಾಗುತ್ತದೆ. ಅಪ್ಪನ ಜೊತೆ ಡಾಬಾದಲ್ಲಿ ಕೂತು ಎಷ್ಟು ಸಲ ನೋಡಿದ್ದೇನೆ. ಅಲ್ಲಿ ಮೆಣಸಿನಕಾಯಿ ಬೋಂಡಾ... ಅಯ್ಯೋ, ಶಾಟ್ ಮುಗಿಯಿತು. ಆ ಏಟಿನಲ್ಲಿ 62ಕ್ಕೂ 75ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಗೇಜೇ ಬೇಕು.

ಹಾಗಾಗಿ ಕಂಪ್ರೆಸರ್ ಜೊತೆಗೆ ಎರಡು ಮೂತಿಯ ಉದ್ದನೆಯ ಚಕ್ ತಗೊಳ್ಳಿ, ಲಾರಿಗೆ ಬಳಸುವಂಥದ್ದು. ಒಂದು ಮೂತಿಯಿಂದ ಮುಂದಕ್ಕೆ ಒತ್ತಬಹುದು, ಇನ್ನೊಂದರಿಂದ ನಮ್ಮ ಕಡೆಗೆ ಎಳೆಯಬಹುದು. "ರೀ, ಪೈಪ್ ಸ್ವಲ್ಪ ಬಿಡಿ!" ಕೇಳಿಸಿತಾ? ಬ್ಯಾಟರಿ ಮುಂದಿದೆ, ಚಕ್ರ ಹಿಂದಿದೆ. 30 ಅಡಿ ಸುರುಳಿ ಪೈಪ್ ಪೂರ್ತಿ ಎಳೆದರೆ ವಾಪಸ್ ಜಗ್ಗುತ್ತದೆ, ಒಬ್ಬರು ಹಿಡಿದೇ ಇರಬೇಕು. ಸುರುಳಿ ಇಲ್ಲದ ರಬ್ಬರ್ ಪೈಪ್ ಎಷ್ಟೋ ಮೇಲು. ಎಕ್ಸ್‌ಟೆನ್ಷನ್ ಕಿತ್ತು ಉದ್ದನೆಯ ಲೋಹದ ವಾಲ್ವ್ ಹಾಕಿಸುತ್ತಿದ್ದೇವೆ. ಎರಡು ಕಡೆಗೂ ಕೂಲಿ ಸೇರಿ 140 ಡಾಲರ್ ಹೇಳಿದ್ದಾರೆ. ಹೊಸ ಗಾಡಿ ಕೊಡುವಾಗಲೇ ಹಾಕಬೇಕಿತ್ತು, ಅಲ್ವಾ?

ಕೈಯಲ್ಲಿ ಹಿಡಿಯುವ ಬ್ಯಾಟರಿ ಪಂಪ್ ಒಂದು ಬಂದಿತ್ತು, ದಂಡ ಅಂದಿದ್ದೆ. ಈಗ ಮುಂದಿನ ಟೈರ್‌ಗೆ ಬೇಕಾದ 3 ಪಿಎಸ್‌ಐಯನ್ನು ಅದೇ ಹಾಕಿತು, ಬಾನೆಟ್ ಎತ್ತುವ ಕೆಲಸವೇ ಇಲ್ಲ. ಇರಲಿ, ವಾಪಸ್ ಕಳಿಸುವುದಿಲ್ಲ. ಆದರೆ ಇದೊಂದನ್ನೇ ನಂಬಿ ಹೊರಡಬೇಡಿ, 62ರಿಂದ 75ಕ್ಕೆ ಏರಿಸುವಾಗ ಬಿಸಿಯಾಗಿ ನಿಂತೇಬಿಟ್ಟಿತು.

ಆರೂ ಟೈರ್ ಆಯಿತು. ಸ್ಟೆಪ್ನಿ ಒಂದು ಬಾಕಿ, ಅದನ್ನೂ ನೋಡಿ ಟೈರ್ ಅಂಗಡಿಗೆ ಹೊರಡುತ್ತೇವೆ. ಎಂಟಕ್ಕೆ ಬನ್ನಿ ಅಂದಿದ್ದಾರೆ.